ಒಂದು ಗೇಣು ಹಿಂದಕ್ಕೆ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಮಧುಗಿರಿಯಲ್ಲಿ ದೈಹಿಕ ಶಿಕ್ಷಣ ಪರಿವೀಕ್ಷಕ. ಆ ಸಲ ಸರ್ಕಾರಿ ನೌಕರರ ರಾಜ್ಯಮಟ್ಟದ ಕ್ರೀಡಾಕೂಟಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿಸಿ ಒಂದು ವಾಲಿಬಾಲ್ ತಂಡ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಶಿಫಾರಸಿನ ಫೋನುಗಳು ಶುರುವಾಗುವ ಮೊದಲೇ ಒಂದು ಉಪಾಯ ಮಾಡಿದೆ. ಆಯ್ಕೆ ಪಂದ್ಯಗಳಲ್ಲಿ ಯಾರು ಎಷ್ಟು ಪಾಯಿಂಟ್ ತಂದರೆಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುವುದು. ಹೆಚ್ಚು ಗೀಟಿನವರು ತಂಡಕ್ಕೆ. ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಬಹಳ ಜಾಣತನ ಮಾಡಿದೆನೆಂದು ಬೀಗಿದೆ.

ಆ ಲೆಕ್ಕದಲ್ಲಿ ಸೊನ್ನೆ ಸುತ್ತಿದವರು ಹನುಮಂತರಾಯಪ್ಪ. ಪುರವರ ಹೋಬಳಿಯ ಪಶು ಆಸ್ಪತ್ರೆಯಲ್ಲಿ ಸಹಾಯಕರು, ವಯಸ್ಸು ಐವತ್ತಮೂರು, ಆಟದಲ್ಲಿ ಲಿಫ್ಟರ್. ಬಂದ ಚೆಂಡನ್ನು ನೆಟ್ಟಿನ ಪಕ್ಕ ಹದವಾಗಿ ಎತ್ತಿಕೊಡುವವನು ಲಿಫ್ಟರ್. ಅದನ್ನು ಹಾರಿ ಹೊಡೆದು ಪಾಯಿಂಟ್ ತರುವವನು ಸ್ಮ್ಯಾಷರ್. ಚಪ್ಪಾಳೆಯೆಲ್ಲ ಹೊಡೆದವನಿಗೆ. ಇಪ್ಪತ್ತು ವರ್ಷ ಎತ್ತಿಕೊಟ್ಟರೂ ಈ ಮನುಷ್ಯ ರಾಜ್ಯಮಟ್ಟದಲ್ಲಿ ಒಮ್ಮೆಯೂ ಆಡಿರಲಿಲ್ಲ. ಇದೇ ಕೊನೆಯ ಅವಕಾಶವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಹಿತ್ತಲ ಗಿಡ ಮದ್ದಲ್ಲ ನೋಡಿ. ಎದುರಾಳಿಯ ಹೊಡೆತವನ್ನು ನೆಟ್ಟಿನ ಮೇಲೇ ಬ್ಲಾಕ್ ಮಾಡಿ ನಾಲ್ಕಾರು ಪಾಯಿಂಟ್ ತಂದಿದ್ದ ಎತ್ತರದ ಇಬ್ಬರು ಲಿಫ್ಟರ್‌ಗಳನ್ನು ಪಟ್ಟಿಗೆ ಬರೆದುಕೊಂಡು ಇವರಿಗೆ ಇಲ್ಲ ಎಂದೆ.

"ಆಗ್ಲಿ ಸಾ," ಎಂದರು ಹನುಮಂತರಾಯಪ್ಪ. "ನಾಳೆ ಮ್ಯಾಚ್ ನೋಡಕ್ಕೆ ಬಂದ್ರೆ ತೊಂದ್ರೆ ಇಲ್ವಲ್ಲ?"

ಮರುದಿನ ಸಂಜೆಯೊಳಗೆ ಪಟ್ಟಿ ಕಳಿಸಬೇಕಿತ್ತು. ಬೆಳಗ್ಗೆ ತುಮಕೂರಿನ ಒಂದು ತಂಡದ ಜೊತೆ ಅಭ್ಯಾಸ ಪಂದ್ಯ ಇಟ್ಟುಕೊಂಡಿದ್ದೆವು. ನಮ್ಮ ದೊಡ್ಡ ಭರವಸೆ ರಾಮಾಂಜಿ, ವೈ.ಎನ್.ಹೊಸಕೋಟೆಯ ಫಾರೆಸ್ಟ್ ಗಾರ್ಡ್. ನೋಟ್‌ಬುಕ್ಕಿನಲ್ಲಿ ಎಲ್ಲರಿಗಿಂತ ಹೆಚ್ಚು ಗೀಟು ಅವನದೇ. ಅಂದು ಏನಾಯಿತೋ, ಹೊಡೆದದ್ದೆಲ್ಲ ನೆಟ್ಟಿಗೆ. ಆ ಇಬ್ಬರು ಲಿಫ್ಟರ್‌ಗಳಲ್ಲಿ ಎಳೆಯವನು ಅವನಿಗೆ ಚೆಂಡು ಕೊಡುವುದನ್ನೇ ನಿಲ್ಲಿಸಿದ. ಕೊನೆಯ ಸೆಟ್ಟಿನಲ್ಲಿ ನಾವು ಐದು, ಅವರು ಒಂಬತ್ತು. ಹೊಡೆದುಹಾಕಲೋ ಬೇಡವೋ ಎಂದು ನನ್ನ ಪೆನ್ನು ರಾಮಾಂಜಿಯ ಹೆಸರಿನ ಮೇಲೆ ಆಡತೊಡಗಿತ್ತು.

ಪಕ್ಕಕ್ಕೆ ಬಂದು ನಿಂತ ಹನುಮಂತರಾಯಪ್ಪ ನೋಟ್‌ಬುಕ್ಕಿನ ಕಡೆ ನೋಡಲೂ ಇಲ್ಲ. "ಒಂದೈದು ಪಾಯಿಂಟ್ ನನ್ನ ಒಳಕ್ಕೆ ಬುಡಿ ಸಾ," ಎಂದರು.

ಹೇಗೂ ಮುಳುಗಿದ ಆಟವೆಂದು ಬಿಟ್ಟೆ. ಅವರು ಒಳಗೆ ಹೋಗಿ ಮೊದಲ ಚೆಂಡನ್ನು ರಾಮಾಂಜಿಗೇ ಎತ್ತಿಕೊಟ್ಟರು. ಔಟ್. ಎರಡನೆಯದೂ ಅವನಿಗೇ. ನೆಟ್. ಸುತ್ತ ನಿಂತವರು ನಗತೊಡಗಿದರು. ಗಾಬರಿಯಾದರೆ ರಾಮಾಂಜಿಗೆ ಮನೆಯ ತೆಲುಗು ಬಂದುಬಿಡುತ್ತದೆ. "ನಾಕು ಒದ್ದನ್ನಾ," ತನಗೆ ಬೇಡವೆಂದು ಅಂಗಲಾಚಿದ.

"ಸುಮ್ನೆ ಎಗರ್ಲಾ," ಎಂದರು ಹನುಮಂತರಾಯಪ್ಪ. "ಬಾಲ್ ನೋಡ್ಬ್ಯಾಡ, ಬಾಲೇ ಕೈಗೆ ಬತ್ತದೆ."

ಮೂರನೆಯದು ನೆಲಕ್ಕೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಹದಿನೈದು–ಹದಿಮೂರಕ್ಕೆ ನಾವು ಗೆದ್ದೆವು. ನೋಟ್‌ಬುಕ್ಕಿನಲ್ಲಿ ಹನುಮಂತರಾಯಪ್ಪನವರ ಮುಂದೆ ಆಗಲೂ ಸೊನ್ನೆಯೇ ಇತ್ತು.

ಏನು ಮಾಡಿದಿರಿ ಎಂದು ಕೇಳಿದೆ. "ಅವನ ಬಲಗಾಲು ಇವತ್ತು ಎಳೀತೈತೆ ಸಾ. ಏಳೋದು ತಡ ಆಯ್ತದೆ. ಎಷ್ಟು ತಡ ಅಂತ ಎರಡು ಬಾಲ್‌ನಾಗೆ ನೋಡ್ಕಂಡೆ. ಆಮ್ಯಾಕೆ ಬಾಲ್‌ನ ನೆಟ್ಟಿಂದ ಒಂದು ಗೇಣು ಹಿಂದಕ್ಕೆ ಇಟ್ಟೆ, ಅಷ್ಟೇಯ. ದನ ಏನ್ ಬಾಯಿ ಬುಟ್ಟು ಹೇಳ್ತವಾ? ಕಾಲು ನೋಡೇ ತಿಳ್ಕಬೇಕು."

ರಾಮಾಂಜಿ ಒಪ್ಪಿಕೊಂಡ. ಆಯ್ಕೆ ಪಂದ್ಯಗಳಾದ ಮೇಲೆ, ಎರಡು ದಿನದ ಹಿಂದೆ ಕಾಡಿನ ಬೀಟು ಸುತ್ತುವಾಗ ಕಾಲು ಉಳುಕಿತ್ತು. ಹೇಳಿದರೆ ಕೈಬಿಡುತ್ತೇನೆಂದು ನನಗೆ ಹೆದರಿ ಮುಚ್ಚಿಟ್ಟಿದ್ದ. ನನಗೆ ನಾಚಿಕೆಯಾಯಿತು. ಸಂಜೆ ಹೋದ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು. ಕೈಬಿಟ್ಟ ಎಳೆಯ ಲಿಫ್ಟರ್‌ಗೆ ನಾನೇ ಎದುರು ನಿಂತು ಹೇಳಿದೆ, ಮುನಿಸಿಕೊಂಡ.

ಕ್ರೀಡಾಕೂಟದ ಹೊತ್ತಿಗೆ ರಾಮಾಂಜಿಯ ಕಾಲು ನೆಟ್ಟಗಾಗಿತ್ತು. ಒಂದು ಪಂದ್ಯ ಗೆದ್ದೆವು, ಎರಡನೆಯದರಲ್ಲಿ ಸೋತು ಬಂದೆವು. ಎರಡರಲ್ಲೂ ಹನುಮಂತರಾಯಪ್ಪ ಒಂದು ನಿಮಿಷವೂ ಹೊರಗೆ ಬರಲಿಲ್ಲ. ಎಣಿಸಲು ಸುಲಭವಾದದ್ದನ್ನು ಎಣಿಸಿ ಅದನ್ನೇ ನ್ಯಾಯವೆಂದು ತಿಳಿದಿದ್ದೆನಲ್ಲ, ಆ ಭ್ರಮೆ ಬಿಡಿಸಿದ್ದು ಅವರು. ಉಳಿದ ಎರಡು ವರ್ಷ ಆಯ್ಕೆಯ ದಿನ ನಾನು ಕೈಯಲ್ಲಿ ಪೆನ್ನು ಹಿಡಿಯದೆ ಆಟ ನೋಡಿದೆ.

ನಾವು ಗೆದ್ದ ಆ ಪಂದ್ಯದ ಮರುದಿನ ಪತ್ರಿಕೆಯಲ್ಲಿ, ಚೆಂಡು ಹೊಡೆಯಲು ರಾಮಾಂಜಿ ಗಾಳಿಯಲ್ಲಿ ಹಾರಿದ ಫೋಟೋ ಬಂದಿತ್ತು. ಅಂಚಿನಲ್ಲಿ ಹನುಮಂತರಾಯಪ್ಪನವರ ಎರಡು ಕೈ ಮಾತ್ರ. ಅವರಿಗೆ ಬೇಸರವಾದೀತೆಂದು ಅಳುಕುತ್ತಲೇ ತೋರಿಸಿ, ಮುಖ ಬರಲಿಲ್ಲವಲ್ಲ ಎಂದೆ.

ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಮುಖ ಯಾಕೆ ಸಾ, ಬಾಲ್ ನೋಡಿ," ಎಂದರು. "ಎಲ್ಲಿರಬೇಕೋ ಅಲ್ಲೈತೆ."