ಕೂಡಾವಳಿಯವಳ ಹೆಸರು

ಗುಂಡ್ಲುಪೇಟೆಯ ಆಚೆ ನಮ್ಮ ಹೊಲದಂಚಿನಲ್ಲಿ ಒಂದು ಸಮಾಧಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಮ್ಮತ್ತೂರಿನ ಕಡೆಯಿಂದ ಒಂದು ಜೊತೆ ಎತ್ತು ಹೊಡೆದುಕೊಂಡು ಬಂದು, ಕಾಡು ಕಡಿದು ಅಲ್ಲಿ ನೆಲೆನಿಂತ ನನ್ನ ತಾತನ ತಾತನ ಸಮಾಧಿ. ಕಳೆದ ವರ್ಷ ದೊಡ್ಡಪ್ಪನ ಮಗ ಅದರ ಪಕ್ಕ ಕರಿಕಲ್ಲೊಂದನ್ನು ನಿಲ್ಲಿಸಿ, ಅದರ ಮೇಲೆ ವಂಶವೃಕ್ಷವನ್ನು ಕೊರೆಸಿದ. ನಾನು ನೋಡಲು ಹೋದಾಗ ಅದರಲ್ಲಿ ನನ್ನ ಅಪ್ಪನ ಹೆಸರಿರಲಿಲ್ಲ.

"ನಿಮ್ಮಜ್ಜಿ ಕೂಡಾವಳಿ ಆಗಿ ಬಂದೋಳು ಕಣಮ್ಮಿ. ಧಾರೆ ಎರ್ಸ್ಕಂಡ್ ಬಂದೋಳ್ ಮಕ್ಳು ಮಾತ್ರ ಕಲ್ಲಿನ್ ಮ್ಯಾಲೆ. ಬ್ಯಾಜಾರ್ ಮಾಡ್ಕಬ್ಯಾಡ" ಎಂದ ಅಣ್ಣ.

ಗಂಡ ಸತ್ತವಳಿಗೆ ಚಪ್ಪರ, ಧಾರೆಗಳಿಲ್ಲದೆ ಸೀರೆ ಉಡಿಸಿ ಮಾಡಿಕೊಳ್ಳುವ ಮರುಮದುವೆಯೇ ಕೂಡಾವಳಿ. ಮೊದಲ ಹೆಂಡತಿ ತೀರಿಕೊಂಡ ಮೇಲೆ ತಾತ ನನ್ನ ಅಜ್ಜಿಯನ್ನು ಹಾಗೆ ಕರೆತಂದಿದ್ದ. ತಬ್ಬಲಿಯಾಗಿದ್ದ ದೊಡ್ಡಪ್ಪನನ್ನು, ಎಂದರೆ ಇವನ ಅಪ್ಪನನ್ನು, ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಕೆಯೇ. ನಾನು ಶಾಲೆಯಲ್ಲಿ ಪಾಠ ಹೇಳುವ ಚಾಮರಾಜನಗರಕ್ಕೆ ಬಸ್ಸು ಹತ್ತಿದೆ.

ನಮ್ಮ ಕಡೆ ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಬಾಗಿಲಿಗೆ ಬಂದು ಓದಿ ಹೇಳುವವನು ಹೆಳವ. ದೊಡ್ಡಪ್ಪನ ಮನೆಯಲ್ಲಿ ಅವನು ಬಾಯಿ ತೆರೆಯುವ ಮೊದಲೇ ಒಂದು ಮೊರ ರಾಗಿ ಸುರಿದು ಸಾಗಹಾಕುವುದು ರೂಢಿ. ಹಾಗಾಗಿ ಅಣ್ಣ ತನ್ನ ವಂಶಾವಳಿಯನ್ನು ಒಮ್ಮೆಯೂ ಪೂರ್ತಿಯಾಗಿ ಕೇಳಿರಲಿಲ್ಲ. ನಾನು ಸಂತೆಮರಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಹೆಳವನನ್ನು ಹುಡುಕಿ, ಮೊದಲಿನಿಂದ ಓದಿಸಿದೆ. ಮೂರನೆಯ ಸಾಲನ್ನು ಎರಡು ಬಾರಿ ಓದಿಸಿ ಬರೆದುಕೊಂಡೆ. ಮರಳುವಾಗ ಬಸ್ಸಿನಲ್ಲಿ ನನಗಾದ ಸಂತೋಷ ಒಳ್ಳೆಯ ಸಂತೋಷವಾಗಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. "ಕಲ್ಲಿನ ಪೂಜೆಗೆ ಹೆಳವಯ್ಯನ್ನ ಕರ್ಸಣ್ಣ, ಎಲ್ರ ಮುಂದೆ ಓದ್ಲಿ."

"ಮೇಷ್ಟ್ರಮ್ಮ ಅಂದ್ರೆ ಮೇಷ್ಟ್ರಮ್ಮನೇ ಕಣಮ್ಮಿ!" ಎಂದು ಹಿಗ್ಗಿದ.

ಪೂಜೆಯ ದಿನ ಅಣ್ಣನ ಹೊಸ ಬೀಗರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹೆಳವ ಆ ಸಮಾಧಿಯ ಮೂಲಪುರುಷನಿಂದ ಆರಂಭಿಸಿ, ಮೂರನೆಯ ಸಾಲಿಗೆ ಬಂದ: "ಮೊದಲ್ನೇ ಹೆಂಡ್ತಿಗೆ ಮಕ್ಳಿಲ್ಲ. ಕೂಡಾವಳಿ ಆಗಿ ಬಂದೋಳ್ ಒಟ್ಟೇಲಿ ಒಬ್ನೇ ಮಗ. ಅವನಿಂದ ಈ ವಂಶ ಎಲ್ಲಾ."

"ಏಯ್, ಅದ್ನ ಬುಡು! ಮುಂದುಕ್ಕೆ ಓದ್ಲಾ!" ಎಂದು ಅಣ್ಣ ಎದ್ದು ನಿಂತ.

"ಬುಡಕ್ಕಾಗಲ್ಲ ಸ್ವಾಮಿ. ಒಂದ್ ಎಸ್ರು ನುಂಗುದ್ರೂ ನಾಳೆ ಯಾರೂ ನನ್ ಪುಸ್ತಕ ನಂಬಲ್ಲ."

ಹಿಂದಿನಿಂದ ಮುದುಕಿಯೊಬ್ಬಳು ನಕ್ಕಳು. "ಅಂಗಾರೆ ಕಲ್ಲಿನ್ ಮ್ಯಾಲೆ ಯಾರ್ ಉಳುದ್ರಪ್ಪಾ? ಇವ್ನೂ ಇಲ್ಲ!"

ಊಟಕ್ಕೆಲೆ ಹಾಕುವಾಗ ಅಣ್ಣ ನನ್ನನ್ನು ಸಮಾಧಿಯ ಹಿಂದಕ್ಕೆ ಕರೆದ. "ನಿಮ್ಮಪ್ಪನ್ ಎಸ್ರು ನಾಳೇನೇ ಕೊರುಸ್ತೀನಿ. ಇದ್ನ ಇಲ್ಗೇ ಬುಟ್ಬುಡು."

"ಅಪ್ಪನ ಹೆಸ್ರೊಂದೇ ಸಾಲ್ದು. ನಮ್ಮಜ್ಜಿ ಹೆಸ್ರು, ಈ ಸಮಾಧಿ ತಾತನ ಎರಡನೇ ಹೆಂಡ್ತಿ ಹೆಸ್ರು, ಎರಡನ್ನೂ ಕೊರ್ಸು. ಇಬ್ಬರ ಮುಂದೂ ಕೂಡಾವಳಿ ಅಂತ ಬರ್ಸು. ಇಲ್ದಿದ್ರೆ ವರ್ಷಾ ವರ್ಷಾ ಹೆಳವಯ್ಯನ್ನ ನಿನ್ನ ಬೀಗರ ಊರಿನ ಬಾಗ್ಲು ಬಾಗ್ಲಿಗೂ ಕರ್ಕೊಂಡ್ ಹೋಗ್ತೀನಿ."

"ಬೀಗ್ರು ಬಂದಾಗೆಲ್ಲ ಓದ್ತಾರೆ ಕಣಮ್ಮಿ…"

"ಓದ್ಲಿ ಅಂತ್ಲೇ."

ಮರುವಾರ ಕಲ್ಲುಕುಟಿಗ ಬಂದ. ನಾನು ಬದುವಿನ ಮೇಲೆ ಕೊಡೆ ಹಿಡಿದು ಕುಳಿತು, ಅಕ್ಷರ ಅಕ್ಷರವನ್ನೂ ನೋಡಿದೆ. ಅಣ್ಣ ಬೇವಿನ ನೆರಳಿನಲ್ಲಿ ಮುಖ ತಿರುಗಿಸಿ ನಿಂತಿದ್ದ. ಕುಟಿಗ ಉಳಿಯನ್ನು ಕೆಳಗಿಟ್ಟು, ಸಾಕೇ ಎಂದು ಅಣ್ಣನನ್ನು ಕೇಳಿದ.

"ಇನ್ನೂ ಆಳವಾಗಿ ಕೊರೆ" ಎಂದೆ ನಾನು.