ಅಕ್ಕನ ಜಾಗದ ಮೆಟ್ಟಿಲು

ಮೆಟ್ಟಿಲನ್ನು ಅಕ್ಕನ ಜಾಗದಲ್ಲಿ ಕಟ್ಟಿಸೋಣ ಎಂದವರು ಯಾರು? ನೆನಪಿದೆ ಎಂದುಕೊಂಡಿದ್ದೆ. ಅಕ್ಕ ಅಡಿಪಾಯದ ಕಲ್ಲಿನ ಮೇಲೆ ಕುಳಿತು, ಶೇಂಗಾ ಸುಲಿಯುತ್ತ, "ಇಬ್ಬರಿಗೂ ಒಂದ ಮೆಟ್ಟಲ ಸಾಕು, ನನ್ನ ಬಾಜೂ ಇರಲಿ" ಅಂದಿದ್ದಳು. ಈ ಚಿತ್ರ ತೀರ ಅಚ್ಚುಕಟ್ಟಾಗಿದೆ, ಅದಕ್ಕೇ ನಂಬಿಕೆ ಬರುವುದಿಲ್ಲ. ಕೇಳಿದರೆ ಅಕ್ಕ, "ಅವತ್ತ ನಾ ಬಂದ ಇರಲಿಲ್ಲ" ಅನ್ನುತ್ತಾಳೆ.

ಖಚಿತವಾದದ್ದು ಇಷ್ಟು. ಅರಭಾವಿಯಲ್ಲಿ ಕಾಲೇಜಿನ ಹುಡುಗರಿಗೆ ಬಾಡಿಗೆ ಕೋಣೆ, ನಮ್ಮ ಮಾತಲ್ಲಿ ಖೋಲಿ, ಕಟ್ಟಿಸಲೆಂದು ಅಕ್ಕ, ನಾನು ಒಂದಕ್ಕೊಂದು ತಾಗಿದ ಎರಡು ನಿವೇಶನ ಕೊಂಡೆವು. ಅವಳಿರುವುದು ಹುಕ್ಕೇರಿ, ನಾನು ಮೂಡಲಗಿ. ಗೋಡೆ, ಬೋರಿನ ನೀರು, ಮೆಟ್ಟಿಲು ಎಲ್ಲ ಹಂಚಿಕೊಂಡೆವು. ಅವಳು ಕೂಡಿಟ್ಟ ಹಣದಲ್ಲಿ ಕಟ್ಟಿಸಿದಳು. ನಾನು ಫೈನಾನ್ಸ್ ಕಂಪನಿಯ ಸಾಲದಲ್ಲಿ.

ಬಡ್ಡಿ ಏರಿದಾಗ ನನಗೆ ಗೊತ್ತೇ ಆಗಲಿಲ್ಲ. ಕಂತು ಮೊದಲಿನಷ್ಟೇ ಇತ್ತು, ಉದ್ದವಾದದ್ದು ಸಾಲ ತೀರಿಸುವ ವರ್ಷಗಳು. ಗೊತ್ತಾದ ದಿನದಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬಾಡಿಗೆಯೆಲ್ಲ ಬಡ್ಡಿಗೇ ಹೋಗುತ್ತಿತ್ತು. ಗೋಕಾಕದ ಬ್ಯಾಂಕೊಂದು ಕಡಿಮೆ ಬಡ್ಡಿಗೆ ಆ ಸಾಲವನ್ನು ತನಗೆ ವರ್ಗಾಯಿಸಿಕೊಳ್ಳಲು ಒಪ್ಪಿತು. ಅದು ಆಗದಿದ್ದರೆ ಖೋಲಿಗಳನ್ನು ಮಾರಬೇಕಿತ್ತು.

ಕಟ್ಟಡದ ಬೆಲೆ ಕಟ್ಟಲು ಬ್ಯಾಂಕಿನ ಇಂಜಿನಿಯರ್ ಬಂದರು. ಸುತ್ತ ಒಮ್ಮೆ ನಡೆದರು, ಮತ್ತೊಮ್ಮೆ ನಡೆದರು.

"ಮ್ಯಾಲಿನ ಖೋಲಿಗೆ ನಿಮ್ಮ ಜಾಗಾದಾಗಿಂದ ಹೆಂಗ ಹೋಗೂದರಿ?"

"ಅಕ್ಕನ ಮೆಟ್ಟಲ ಹತ್ತಿ."

"ಅಕ್ಕಾರು ಬ್ಯಾಡ ಅಂದ್ರ?"

"ಅನ್ನೂದಿಲ್ರಿ."

"ಅದನ್ನ ನಾ ಏನಂತ ಬರೀಲಿರಿ?"

ದಾರಿಯಿಲ್ಲದ ಮಹಡಿಗೆ ಬೆಲೆಯಿಲ್ಲ. ದಾರಿಯ ಹಕ್ಕನ್ನು ಅಕ್ಕ ಬರೆದು ನೋಂದಣಿ ಮಾಡಿಕೊಡಬೇಕು, ಇಲ್ಲವೇ ನನ್ನ ಜಾಗದಲ್ಲಿ ಮೆಟ್ಟಿಲು ಬೇಕು. ಮರುದಿನವೇ ಹುಕ್ಕೇರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಅವಳ ಬಾಗಿಲಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಕ್ಕ ರೊಟ್ಟಿ ಬಡಿಯುತ್ತಲೇ ಕೇಳಿದಳು. "ನೀ ಕಂತ ತಪ್ಪಿಸಿದರ ಬ್ಯಾಂಕಿನವರು ನಿನ್ನ ಖೋಲಿ ಯಾರಿಗೆ ಮಾರತಾರ?"

"ಯಾರಿಗರ. ನನಗೇನ ಗೊತ್ತು."

"ಗೊತ್ತಿಲ್ಲದವರಿಗೆ ನನ್ನ ಅಂಗಳದಾಗ ದಾರಿ ಬರದ ಕೊಡಬೇಕೇನ? ನೀ ಹತ್ತು, ನಿನ್ನ ಮೊಮ್ಮಕ್ಕಳು ಹತ್ತಲಿ. ಕಾಗದ ಹತ್ತೂದ ಬ್ಯಾಡ."

ನನಗೆ ಸಿಟ್ಟು ಬಂತು. ಅವಳ ಮಾತು ಸರಿಯಿತ್ತು, ಅದಕ್ಕೆ ಇನ್ನಷ್ಟು ಬಂತು. ಚಪ್ಪಲಿ ಮೆಟ್ಟಿದೆ.

"ಉಂಡ ಹೋಗು. ನಿನ್ನ ಬಾಜೂ ಕಬ್ಬಿಣದ ಮೆಟ್ಟಲ ಹಾಕಸು. ಈ ತಿಂಗಳ ಭಿಶಿ ನಾ ಎತ್ತಿ ನಿನಗ ಕೊಡತೇನಿ." ಅವಳ ಓಣಿಯ ಹೆಂಗಸರು ತಿಂಗಳಿಗೊಮ್ಮೆ ಹಣ ಕೂಡಿಸಿ, ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವುದಕ್ಕೆ ಭಿಶಿ ಎನ್ನುತ್ತಾರೆ.

"ಬಡ್ಡಿ?"

"ಬ್ಯಾಂಕಿನಕಿಂತ ಕಡಿಮಿ. ಆದರ ವಸೂಲಿಗೆ ನಾನ ನಿಮ್ಮನಿಗೆ ಬರತೇನಿ, ವಾರಗಟ್ಟಲೆ ಇರತೇನಿ."

ಕೆಳಗಿನ ಖೋಲಿಯೊಂದರ ಕಿಟಕಿ ಮುಚ್ಚಿ ಕಬ್ಬಿಣದ ಮೆಟ್ಟಿಲು ಏರಿತು. ಆ ಖೋಲಿಯ ಬಾಡಿಗೆ ಇಳಿಯಿತು. ಇಂಜಿನಿಯರ್ ಫೋಟೊ ತೆಗೆದುಕೊಂಡರು, ಸಾಲ ಬ್ಯಾಂಕಿಗೆ ಬಂತು, ವರ್ಷಗಳು ಒಂದಿಷ್ಟು ಗಿಡ್ಡವಾದವು. ನೆಮ್ಮದಿಯಾಗಬೇಕಿತ್ತು. ನಾನು ಮಾತ್ರ ಈಗಲೂ ಬಡ್ಡಿದರ ಏರಿತೇ ಎಂದು ಮೊಬೈಲ್ ನೋಡುತ್ತಿರುತ್ತೇನೆ.

ಮೊನ್ನೆ ಅರಭಾವಿಗೆ ಹೋದೆ. ಕಬ್ಬಿಣದ ಮೆಟ್ಟಿಲ ತುಂಬ ಹುಡುಗರ ಒದ್ದೆ ಬಟ್ಟೆ. ಬಿಸಿಲಿಗೆ ಕಬ್ಬಿಣ ಕಾಯುತ್ತದೆ, ಅವರು ಹತ್ತಿ ಇಳಿಯುವುದು ಅಕ್ಕನ ಕಡೆಯಿಂದಲೇ. ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದೆ.

"ಹುಡುಗರು ಹತ್ತಿ ಹತ್ತಿ ನಿನ್ನ ಮೆಟ್ಟಲ ಸವಸಾಕತ್ತಾರ. ಬ್ಯಾಡ ಅನ್ನಲೇನ?"

"ನಾ ಯಾವಾಗ ಬ್ಯಾಡ ಅಂದೇನಿ?"

ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ನಾಳೆ ಇದನ್ನೂ ಅಂದೇ ಇಲ್ಲ ಎಂದಾಳು.