ತಂಪಿಗೂ ಪಾಳಿ

ಅಂಕಲಿಯ ಅಕ್ಕವ್ವ ಕಳ್ಳಭಟ್ಟಿ ಇಳಿಸುತ್ತಾಳೆ ಎಂದು ನಾನು ಒಮ್ಮೆ ನಂಬಿದ್ದೆ. ತೊಂಬತ್ತೆರಡರ ಬೇಸಿಗೆ. ತೀರಿಹೋದ ಅವಳ ಗಂಡ ನನ್ನ ಸಹಪಾಠಿ. ಅವಳ ಯೋಗಕ್ಷೇಮ ವಿಚಾರಿಸುವ ಅಧಿಕಾರವನ್ನು ನನಗೆ ನಾನೇ ಕೊಟ್ಟುಕೊಂಡು ಚಿಕ್ಕೋಡಿಯಿಂದ ಬಂದಿದ್ದೆ. ಹಿತ್ತಲಿನ ಬಾವಿಯಲ್ಲಿ ಕರಿ ಪೈಪಿನ ದೊಡ್ಡ ಸುರುಳಿ ಮುಳುಗಿತ್ತು. ಅದರ ಎರಡೂ ತುದಿಗಳು ಗೋಡೆ ತೂರಿ ಮನೆಯೊಳಗೆ ಹೋಗಿದ್ದವು. ಸುರುಳಿ, ತಣ್ಣೀರು, ಒಳಗೆ ಉರಿಯುವ ಒಲೆ. ಇನ್ನೇನು ಸಾಕ್ಷಿ ಬೇಕು? ಬಾಗಿಲಲ್ಲೇ ನಿಂತು ಮನೆತನದ ಮರ್ಯಾದೆಯ ಬಗ್ಗೆ ಉದ್ದನೆಯ ಭಾಷಣ ಬಿಗಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಮುಗೀತೇನ್ರಿ ಅಣ್ಣಾರ? ಚಪ್ಪಲ್ ಬಿಟ್ಟು ಒಳಗ ಬರ್ರಿ."

ಕಾಲಿಟ್ಟೆ. ಮೇಲೆ ತಗಡು ಕಾದು ಚಟಚಟ ಎನ್ನುತ್ತಿತ್ತು. ಕೆಳಗೆ ನೆಲ ಹೊಳೆದಂಡೆಯ ಹಾಗೆ ತಂಪು. ನನ್ನ ಭಾಷಣ ಅಲ್ಲಿಗೇ ಆರಿತು. ಉಣ್ಣಲು ಕೂಡಿಸಿ ಅವಳೇ ಕಥೆ ಹೇಳಿದಳು.

ಆಸ್ತಿ ವಾಟ್ಣಿಯಾಗಿ ಪಾಲು ಬೇರೆಯಾದಾಗ ಅವಳ ಭಾವ ರಾವಸಾಹೇಬರು ಹಿರಿಯರ ದೊಡ್ಡ ಮನೆಯಾದ ವಾಡೆಯನ್ನು ತಾವಿಟ್ಟುಕೊಂಡು, ಅವಳಿಗೆ ತಗಡು ಹೊದಿಸಿದ ಈ ದನದ ಕೊಟ್ಟಿಗೆ ಬಿಟ್ಟರು. ಬಾವಿ ಮಾತ್ರ ಇಬ್ಬರದು: ಒಂದು ದಿನ ಅವರ ಪಾಳಿ, ಮರುದಿನ ಇವಳದು. ರಾವಸಾಹೇಬರು ಹಾರ ಬರುವ ಮೊದಲೇ ಕತ್ತು ಚಾಚುವ ಪೈಕಿ. "ಒಂದ ಬ್ಯಾಸಗಿ ತಗಡಿನ ಬುಡಕ ಇರ್ಲಿ. ತಾನ ವಾಡೇಕ ಬಂದು ಮೂಲ್ಯಾಗ ಕುಂಡರತಾಳ. ಬಾವಿ ಪಾಲೂ ನಮಗ ಬರತೈತಿ" ಎಂದು ಕಟ್ಟೆಯ ಮೇಲೆ ಸಾರಿದ್ದು ಅವಳ ಕಿವಿಗೂ ಬಿತ್ತು.

ಅವಳು ಪಂಪು ರಿಪೇರಿಯ ಇಸಾಕನನ್ನು ಕರೆಸಿದಳು. "ಬಾವ್ಯಾಗ ಇಳದ್ರ ತಂಪ ಹತ್ತತೈತಲ್ಲ, ಅದನ್ನ ಮನಿಗೆ ತಾ."

ಇಸಾಕ ನಕ್ಕ. ಅವಳು ನಗಲಿಲ್ಲ. ಹಾಗಾಗಿ ಅವನು ಅವಳ ರೊಟ್ಟಿಹಂಚಿನ ಮೇಲೆ ಪೈಪಿನ ತುದಿಗಳನ್ನು ಕಾಯಿಸಿ, ಮೆತ್ತಗಾದಾಗ ಒಂದಕ್ಕೊಂದು ಒತ್ತಿ ಬೆಸೆದ. (ಮುಂದೆ ಎಷ್ಟೋ ದಿನ ರೊಟ್ಟಿಗೆ ಪೈಪಿನ ವಾಸನೆ ಇತ್ತಂತೆ.) ನೆಲ ಅಗೆದು ಪೈಪನ್ನು ಅಂಕುಡೊಂಕಾಗಿ ಹಾಸಿ, ಮಣ್ಣು ಬಡಿದು ಸಾರಿಸಿದರು. ಸಣ್ಣ ಮೋಟಾರು ಬಾವಿಯ ನೀರನ್ನು ನೆಲದಡಿ ಸುತ್ತಿಸಿ ಮತ್ತೆ ಬಾವಿಗೇ ಬಿಡತೊಡಗಿತು.

ಬಿಸಿಲು ಏರಿತು, ಅಕ್ಕವ್ವ ವಾಡೆಗೆ ಬರಲಿಲ್ಲ. ರಾವಸಾಹೇಬರು ಪಂಚರನ್ನು ಕೂಡಿಸಿದರು.

"ಆಕಿ ಕಾಲಬುಡಕ ಅಡ್ಡಾಡಿ ಬಂದ ನೀರು ಎಂಜಲ. ನಮ್ಮ ಪಾಳಿ ದಿನ ಆ ಎಂಜಲ ನಾವ್ ಕುಡೀಬೇಕೇನು? ಪೈಪ್ ಕೀಳಸ್ರಿ."

ಭಾವನೊಡನೆ ನೇರ ಮಾತಾಡುವ ಪದ್ಧತಿಯಿಲ್ಲ. ಅಕ್ಕವ್ವ ಸೆರಗು ಹಣೆಗೆ ಎಳೆದು, ಊರಿಗೇ ಕೇಳುವಂತೆ ಇಸಾಕನಿಗೆ ಹೇಳಿದಳು: "ಇಸಾಕಣ್ಣಾ, ಬಾವಾರಿಗೆ ಹೇಳು. ಪೈಪ್ ಕೀಳಂಗಿಲ್ಲ. ಅವರ ನೀರ ಅವರಿಗೇ ಇರ್ಲಿ."

ಮತ್ತೆ ಹಂಚು ಒಲೆಯೇರಿತು. ಈ ಸಲ ಬಾವಿಗೆ ಸುರುಳಿ ಇಳಿಸಿ, ಎರಡೂ ತುದಿಗಳನ್ನು ನೆಲದ ಪೈಪಿಗೆ ಬೆಸೆದು, ಎಲ್ಲೂ ಬಾಯಿಯಿಲ್ಲದ ಒಂದೇ ಕುಣಿಕೆ ಮಾಡಿಸಿದಳು. ತನ್ನ ಪಾಳಿಯ ದಿನ ಸೇದಿದ ನೀರನ್ನೇ ಅದರಲ್ಲಿ ತುಂಬಿ ಮುಚ್ಚಿಸಿದಳು. ಈಗ ಬಾವಿಯ ಹನಿ ಪೈಪಿಗೆ ಬರುವುದಿಲ್ಲ, ಪೈಪಿನ ಹನಿ ಬಾವಿಗೆ ಹೋಗುವುದಿಲ್ಲ. ಅದೇ ನೀರು ಮನೆಯ ಸೆಖೆಯನ್ನು ಹೊತ್ತೊಯ್ದು ಬಾವಿಯಲ್ಲಿ ಇಳಿಸಿ ಬರುತ್ತದೆ. ಚಳಿಗಾಲದಲ್ಲಿ ಬಾವಿಯ ಬಿಸುಪನ್ನೂ ಹೊತ್ತು ತರುತ್ತದೆಂದು ಇಸಾಕನ ಭರವಸೆ.

ಎಂಜಲಿನ ಮಾತು ಮುಗಿಯಿತು. ರಾವಸಾಹೇಬರು ಮುಗಿಯಲಿಲ್ಲ. ಪಂಚರು ಮತ್ತೆ ಕೂಡಿದರು.

"ನೀರ ಬಿಡ್ರಿ! ನಮ್ಮ ಪಾಳಿ ದಿನಾನೂ ಆಕಿ ತಂಪ ಒಯ್ಯಾಕತ್ತಾಳ. ತಂಪಿಗೂ ಪಾಳಿ ಹಚ್ಚರಿ."

"ಇಸಾಕಣ್ಣಾ, ಬಾವಾರಿಗೆ ಹೇಳು. ಅವರ ಪಾಳಿ ತಂಪ ಅವರು ಕೊಡಪಾನದಾಗ ತುಂಬ್ಕೊಂಡು ಒಯ್ಲಿ. ನಾ ಅಡ್ಡ ಬರಂಗಿಲ್ಲ."

ಇಸಾಕ ಪ್ರಾಮಾಣಿಕ. "ಸಾವಕಾರ್ರ, ಅಕ್ಕವ್ವ ಏನಂತಾಳಂದ್ರ..."

"ಕೇಳೇತಿ ಬಿಡಲೇ!"

ಹಿರಿಯ ಪಂಚ ವಿರುಪಾಕ್ಷಪ್ಪನವರಿಗೆ ಕೆಮ್ಮು ಬಂತು. ಆ ಕೆಮ್ಮು ಪಂಚರೆಲ್ಲರಿಗೂ ಹತ್ತಿ, ನ್ಯಾಯ ಅಲ್ಲಿಗೇ ತೀರಿತು. ಪೈಪು ಉಳಿಯಿತು.

ಇದನ್ನೆಲ್ಲ ಕೇಳಿ, ಹೊಟ್ಟೆತುಂಬ ಉಂಡು, ಆ ನೆಲಕ್ಕೆ ಬೆನ್ನು ಹಚ್ಚಿದಾಗ ನನಗೆ ಮತ್ತೆ ಬುದ್ಧಿ ಹೇಳುವ ಹುಕಿ ಬಂತು.

"ಅಲ್ಲ ಅಕ್ಕವ್ವಾ, ತಂಪಿನ ಸಲುವಾಗಿ ಇಷ್ಟೆಲ್ಲ ಜಗಳ ಯಾಕ? ವಾಡೇದಾಗ ದಪ್ಪ ಗೋಡಿ, ತಂಪ ಇದ್ದ ಇತ್ತಲ್ಲ?"

"ಇತ್ರಿ. ಅಲ್ಲಿ ಕುಂಡ್ರಾಕೂ ಬಾವಾರನ್ನ ಕೇಳಬೇಕಿತ್ತು. ನಿಮಗ ಅಷ್ಟ ಆಸೆ ಇದ್ರ ನೀವ ಹೋಗಿ ಕುಂಡರ್ರಿ."